ಐದು ಕಲ್ಲು, ಒಬ್ಬ ದೇವರು

ಅಸನ್, ಕಾಠ್ಮಂಡು
ವಿಕ್ರಮ ಸಂವತ್ ೨೦೩೪, ಮಾಘ ೮

ಪೂಜ್ಯ ಅಕ್ಕನವರಾದ ದಿಲ್‌ಶೋಭಾ ಅವರ ಸನ್ನಿಧಿಗೆ ಪನ್ನಾಕಾಜಿಯ ನಮಸ್ಕಾರಗಳು.

ವಿಷಯ: ಮನೆಯ ದೇವರ ಗುರುತು ಸಿಗದಿರುವ ಬಗ್ಗೆ.

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಹನ್ನೊಂದು ವರ್ಷಗಳ ಮೇಲೆ ಈ ಪತ್ರ ಬರೆಯುತ್ತಿರುವುದಕ್ಕೆ ಹಳೆಯ ವಿಚಾರಗಳು ಕಾರಣವಲ್ಲ. ಹಳೆಯ ವಿಚಾರಗಳಲ್ಲಿ ನನ್ನ ನಿಲುವು ಹಾಗೆಯೇ ಇದೆ. ಇದು ಬೇರೆ, ಮತ್ತು ತುರ್ತಿನದು.

ಕಳೆದ ಮಂಸಿರ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಸಿಮೆಂಟು ಹಾಕಿಸಿದೆ. ಎದುರು ಮನೆಯವರು ಹಾಕಿಸಿದ್ದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾವಿಯ ಪಕ್ಕದ ಕಸದ ಗುಂಡಿಯನ್ನೂ, ಅದರ ಬದಿಯ ಹಳೆಯ ಒಲೆ, ಕಟ್ಟೆಗಳನ್ನೂ ತೆಗೆಸಬೇಕಾಯಿತು. ಗುಂಡಿಯಲ್ಲಿ ದೇವರಿದ್ದಾನೆ, ನೋಡಿಕೊಂಡು ತೆಗಿ ಎಂದು ಗಾರೆಯವನಿಗೆ ಬಿಡಿಸಿ ಹೇಳಿ ನಾನು ಕಚೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಗುಂಡಿಯಿಲ್ಲ, ಬಾವಿಕಟ್ಟೆಯ ಮೇಲೆ ಸಾಲಾಗಿ ಐದು ಕಲ್ಲು. "ಇದ್ರಲ್ಲಿ ಯಾವುದಯ್ಯಾ ದೇವ್ರು?" ಎಂದು ಕೇಳಿದೆ. "ಸಾಹೇಬ್ರೇ, ದೇವ್ರು ನಿಮ್ಮನೆಯೋರು. ನಾನು ಹೊರಗೆ ತೆಗ್ದಿದೀನಿ, ಗುರುತು ಹಿಡಿಯೋದು ನಿಮ್ಗೆ ಬಿಟ್ಟಿದ್ದು" ಎಂದು ಕೈ ತೊಳೆದುಕೊಂಡು ಹೋದ.

ಲುಕುಮಹಾದ್ಯ ವರ್ಷವೆಲ್ಲ ಕಸದಡಿಯಲ್ಲಿ ಅಡಗಿರುವ ದೇವರೆಂದೂ, ಪಾಹಾಚಹ್ರೆ ಹಬ್ಬದ ದಿನ ಮಾತ್ರ ಅವನನ್ನು ತೆಗೆದು ತೊಳೆದು ಪೂಜಿಸುವುದೆಂದೂ ತಮಗೆ ಗೊತ್ತೇ ಇದೆ. ಕಡತಕ್ಕೆಂದು ಬರೆದೆ. ನಾನು ಇಪ್ಪತ್ತೆರಡು ವರ್ಷ ಪೂಜೆ ಮಾಡಿದ್ದೇನೆ. ಆದರೆ ನನ್ನ ಸರದಿ ಬರುವ ಹೊತ್ತಿಗೆ ಅವನ ಮೈತುಂಬ ಹಿಟ್ಟು, ಕುಂಕುಮ, ಮುಲ್ಲಂಗಿ ಹೂ, ಮಾಂಸದ ಚೂರು. ಬರಿಮೈಯಲ್ಲಿ ನೋಡಿದವನಲ್ಲ. ಪ್ರತಿವರ್ಷ ಅವನನ್ನು ಅಗೆದು ತೆಗೆಯುವವಳು ನನ್ನ ಹೆಂಡತಿ. ಅಷ್ಟಮಾಯಾಳನ್ನು ಕೇಳಿದರೆ, "ನಾನು ಜಾಗ ನೋಡಿ ಅಗೀತಿದ್ದೆ, ಮುಖ ನೋಡಿ ಅಲ್ಲ. ನಿಮ್ಮಕ್ಕನಿಗೆ ಬರೀರಿ, ಚಿಕ್ಕೋರಿದ್ದಾಗ ತೊಳೀತಿದ್ದೋರು ಅವ್ರೇ ಅಲ್ವಾ?" ಎನ್ನುತ್ತಾಳೆ.

ಈ ಸಲ ಹಬ್ಬ ಚೈತ ೨೪ಕ್ಕೆ. ಊಟಕ್ಕೆ ಕುಲದ ಹಿರಿಯರಾದ ಬಾಜ್ಯಾ ಬರುತ್ತಾರೆ. ಎಂಬತ್ತೆರಡು ವಯಸ್ಸು. ಕಿವಿ ಕೇಳುವುದಿಲ್ಲ, ಕಣ್ಣು ಹದ್ದಿನದು. ಭೂಮಾಪನ ಕಚೇರಿಯ ಗುಮಾಸ್ತ ತನ್ನ ಅಂಗಳದಲ್ಲೇ ದೇವರನ್ನು ಕಳೆದುಕೊಂಡ ಎಂದು ಗೊತ್ತಾದರೆ ನಾನು ಅಸನ್ ಚೌಕದಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಆದ್ದರಿಂದ ದೇವರ ಮೈಮೇಲಿನ ಗುರುತನ್ನು ಮರುಟಪಾಲಿನಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಧೇಯ,
ಪನ್ನಾಕಾಜಿ

ಮರೆತ ಮಾತು: ನಮ್ಮ ಮನೆಯಲ್ಲಿ ಕಾಸಿದ ಅಕ್ಕಿ ಸಾರಾಯಿ, ಅಂದರೆ ಐಲಾದ ಬಗ್ಗೆ ಭಾವನವರು ಅಂದು ಆಡಿದ ಮಾತನ್ನು ನಾನು ಇಲ್ಲಿ ಎತ್ತಿಲ್ಲ ಎಂಬುದನ್ನು ಗಮನಿಸಬೇಕು.


ತಾನ್ಸೇನ್, ಪಾಲ್ಪಾ
ಮಾಘ ೧೯

ಕಿಜಾ ಪನ್ನಾ, ನನ್ನ ಪುಟ್ಟ ತಮ್ಮಾ,

ನಿನ್ನ ಕಾಗದ ಬಂತು. ಮೊದಲು ಕರೆಂಟು ಬಿಲ್ಲು ಅಂದುಕೊಂಡೆ. ತಾವು, ಸನ್ನಿಧಿ, ವಿಧೇಯ ಎಲ್ಲ ಓದಿ ನಿನ್ನ ಭಾವ ಎದ್ದು ನಿಂತುಕೊಂಡೇ ಉಳಿದದ್ದನ್ನು ಕೇಳಿಸಿಕೊಂಡರು. ನಾನೇನು ನಿನ್ನ ಕಚೇರಿಯ ಹಾಕಿಮ ಸಾಹೇಬನೇನೋ? ತತಾ, ತತಾ ಅಂತ ನನ್ನ ಸೆರಗು ಹಿಡಿದುಕೊಂಡು, ಮೂಗು ಅದರಲ್ಲೇ ಒರೆಸಿಕೊಂಡು ಓಡಾಡಿದವನು ನೀನು. ಹನ್ನೊಂದು ವರ್ಷದಲ್ಲಿ ಅಕ್ಕನ ಹೆಸರೂ ಮರೆತುಹೋಯಿತೆ?

ನಮ್ಮ ಅಜ್ಜಿ, ಅಜಿ, ಹೇಳುತ್ತಿದ್ದ ಕಥೆ ನೆನಪಿದೆಯಾ? ವರ ಕೊಟ್ಟವನ ತಲೆಯ ಮೇಲೇ ಕೈಯಿಡುತ್ತೇನೆ ಅಂತ ಭಸ್ಮಾಸುರ ಅಟ್ಟಿಸಿಕೊಂಡು ಬಂದ. ಮಹಾದೇವ ಕೈಲಾಸದಿಂದ ಇಳಿದು ನಮ್ಮ ಗಲ್ಲಿಗಳಲ್ಲೆಲ್ಲ ಓಡಿದ. ದೇವಸ್ಥಾನಕ್ಕೆ ನುಗ್ಗೋಣ ಅಂದರೆ ಅಲ್ಲೇ ಮೊದಲು ಹುಡುಕುತ್ತಾನೆ. ಕೊನೆಗೆ ಯಾರದೋ ಅಂಗಳದ ಕಸದ ಗುಂಡಿಗೆ ಹಾರಿ ಕೂತ. ಅದೇ ಹೊತ್ತಿಗೆ ಆ ಮನೆಯಾಕೆ ಬಂದು ಬೂದಿ, ಬೆಳ್ಳುಳ್ಳಿ ಸಿಪ್ಪೆ, ಮೂಳೆ ಎಲ್ಲ ಅವನ ತಲೆಯ ಮೇಲೆ ಸುರಿದಳು. ರಾಕ್ಷಸ ಬಂದ, ಮೂಗು ಮುಚ್ಚಿಕೊಂಡ, ಮುಂದೆ ಹೋದ. ಅಪಾಯ ಕಳೆದ ಮೇಲೆ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕೈಲಾಸದಲ್ಲಿ ಮಾಂಸವಿಲ್ಲ, ಐಲಾ ಇಲ್ಲ, ಬೆಳ್ಳುಳ್ಳಿಯ ಹೆಸರೆತ್ತುವಂತಿಲ್ಲ. ಇಲ್ಲಿ ಎಲ್ಲ ತಾನಾಗಿ ತಲೆಯ ಮೇಲೆ ಬೀಳುತ್ತದೆ. "ಅದಕ್ಕೇ ಅವ್ನು ನಮ್ಮನೇಲೇ ಉಳ್ಕೊಂಡ ಕಣೇ" ಅನ್ನುತ್ತಿದ್ದಳು ಅಜಿ. ಭಸ್ಮಾಸುರನ ಕೈಯಿಂದ ಪಾರಾದವನು ನಿನ್ನ ಸಿಮೆಂಟಿನ ಕೈಗೆ ಸಿಕ್ಕಿಬಿದ್ದ ನೋಡು.

ಗುರುತು ನನಗೆ ಗೊತ್ತು. ನನಗೊಬ್ಬಳಿಗೇ ಗೊತ್ತು. ಆದರೆ ಅದು ಅಂಚೆಯಲ್ಲಿ ಹೇಳುವಂಥದ್ದಲ್ಲ.

ನೀನು ಎತ್ತಿಲ್ಲ ಅಂದಿರುವ ವಿಚಾರವನ್ನು ನಾನು ಎತ್ತುತ್ತೇನೆ. ಆ ಪಾಹಾಚಹ್ರೆಯ ದಿನ ನಿನ್ನ ಭಾವ ಕೇಳಿದ್ದು ಒಂದೇ ಮಾತು: "ಇದು ಹೊತ್ಕೊಳ್ಳುತ್ತಾ?" ಒಳ್ಳೆಯ ಐಲಾ ಬೆಂಕಿ ಹಿಡಿಯುತ್ತದೆ, ಹಿಡಿಯದಿದ್ದರೆ ಅದು ಐಲಾ ಅಲ್ಲ, ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ತಟ್ಟೆಗೆ ಸ್ವಲ್ಪ ಬಗ್ಗಿಸಿಕೊಂಡು ಮೂರು ಕಡ್ಡಿ ಗೀರಿದರು. ಹತ್ತಲಿಲ್ಲ. ಎಲ್ಲರೂ ನಕ್ಕರು. ನೀನು ನಿನ್ನ ಕಚೇರಿಯವರ ಮುಂದೆ ಎದ್ದು ನಿಂತು, "ಇಷ್ಟ ಇದ್ರೆ ಕುಡೀರಿ, ಇಲ್ದಿದ್ರೆ ಪಾಲ್ಪಾಕ್ಕೆ ಹೋಗಿ ಕುಡೀರಿ!" ಅಂದೆ. ಮನೆಯ ಅಳಿಯನಿಗೆ, ಹಬ್ಬದ ದಿನ! ನಾವು ಎದ್ದು ಬಂದೆವು. ನನ್ನ ಎಲೆಯಲ್ಲಿ ಸುಟ್ಟ ಮಾಂಸ, ಅವಲಕ್ಕಿ ಹಾಗೇ ಇತ್ತು ಕಣೋ. ಇನ್ನೂ ನನ್ನ ಕಣ್ಣಲ್ಲೇ ಇದೆ.

ಅಷ್ಟಮಾಯಾಳಿಗೂ ನಿನ್ನ ಮಗಳು ರೋಶನಿಗೂ ನನ್ನ ಆಶೀರ್ವಾದ. ನಿನಗೆ ಯೋಚಿಸಿ ಕಳಿಸುತ್ತೇನೆ.

ನಿನ್ನ ತತಾ


ಅಸನ್
ಮಾಘ ೨೮

ತತಾ,

ಸರಿ, ತತಾ ಎಂದೇ ಬರೆದಿದ್ದೇನೆ. ಸಂತೋಷವಾಯಿತೇ?

ಅಂಚೆಯಲ್ಲಿ ಹೇಳಲಾಗದ ಗುರುತು ಎಂಬುದು ಇರುವುದಿಲ್ಲ. ಇಡೀ ದೇಶದ ಗಡಿಕಲ್ಲುಗಳ ಗುರುತು ನಮ್ಮ ಕಚೇರಿಯಲ್ಲಿ ಕಾಗದದ ಮೇಲಿದೆ. ಆದ್ದರಿಂದ ಐದೂ ಕಲ್ಲುಗಳನ್ನು ತೊಳೆಸಿ, ಅಳೆದು, ಸುಣ್ಣದಲ್ಲಿ ಅಂಕಿ ಬರೆದಿದ್ದೇನೆ. ನಕ್ಷೆ ಲಗತ್ತಿಸಿದೆ. ಒಂದನೆಯದು ಚಪ್ಪಟೆ, ಕೈಯಗಲ. ಎರಡನೆಯದು ಬೆಲ್ಲದ ಉಂಡೆಯ ಹಾಗೆ ದುಂಡಗೆ, ಮೈಯೆಲ್ಲ ಸಣ್ಣ ತೂತು. ಮೂರನೆಯದರ ನೆತ್ತಿಯ ಮೇಲೆ ಉದ್ದಕ್ಕೆ ಒಂದು ತಗ್ಗು. ಇದು ಗಂಗೆ ಇಳಿದ ಜಾಗವಿರಬಹುದೇ ಎಂದು ನನ್ನ ಊಹೆ. ನಾಲ್ಕನೆಯದು ಭಾರ, ಒಂದು ಮೈ ಕಪ್ಪಗೆ. ಮಹಾದೇವನ ಕಂಠವೂ ಕಪ್ಪಲ್ಲವೇ? ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಐದನೆಯದರ ಮೂಲೆ ಮುರಿದಿದೆ.

ಅಷ್ಟಮಾಯಾಳಿಗೆ ಇದರ ಚಿಂತೆಯೇ ಇಲ್ಲ. ದೇವರು ಕಾಣೆಯಾದ ಮನೆಯಲ್ಲಿ ಹಾಡು ಗುನುಗುತ್ತ ಐಲಾಕ್ಕೆ ಅಕ್ಕಿ ನೆನೆಹಾಕುತ್ತಾಳೆ. ಆದರೆ ಅಕ್ಕಿಯ ಗುಡಾಣದ ಹತ್ತಿರ ಯಾರೂ ಸುಳಿಯುವಂತಿಲ್ಲ. ಮೊನ್ನೆ ರೋಶನಿ ಪಾವು ಹಿಡಿದು ಹೋದದ್ದೇ ತಡ, "ಮುಟ್ಬೇಡ! ನಾನೇ ಅಳೆದುಕೊಡ್ತೀನಿ!" ಎಂದು ಚೀರಿದಳು. ವಯಸ್ಸಾಗುತ್ತಿದೆ, ಏನು ಹೇಳುವುದು.

ಒಂದು ಮತ್ತು ಮೂರನೇ ಕಲ್ಲುಗಳನ್ನು ಪೋಖರಾ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸಿದ್ದೇನೆ. ಅಲ್ಲಿಂದ ನಿಮ್ಮೂರ ಬಸ್ಸಿಗೆ ದಾಟಿಸುತ್ತಾನೆ. ಒಂದು ವೇಳೆ ದೇವರಾಗಿದ್ದರೆ ಎಂದು ಸೀಟಿನ ಕೆಳಗೆ ಇಡಬಾರದೆಂದು ಹೇಳಿದ್ದೇನೆ. ಪರೀಕ್ಷಿಸಿ ತಿಳಿಸು.

ಪನ್ನಾಕಾಜಿ


ತಾನ್ಸೇನ್
ಫಾಗುನ ೧೦

ಕಿಜಾ,

ನಿನ್ನ ಕಲ್ಲುಗಳು ಕ್ಷೇಮವಾಗಿ ಬಂದವು. ಚಾಲಕ ಎರಡನ್ನೂ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದನಂತೆ. ಒಬ್ಬ ಮುದುಕ ದಾರಿಯುದ್ದಕ್ಕೂ ನಿಂತು ಬಂದು, ಇಳಿಯುವಾಗ ಕಲ್ಲಿಗೂ ನಿನಗೂ ಸೇರಿಸಿ ಬೈದು ಹೋದ.

ಒಂದನೆಯದು ಅಮ್ಮ ಮುಲ್ಲಂಗಿ ಉಪ್ಪಿನಕಾಯಿಯ ಮೇಲೆ ಹೇರಿಡುತ್ತಿದ್ದ ಕಲ್ಲು. ಮೂಸಿ ನೋಡಿದೆ, ಇನ್ನೂ ಹುಳಿ ವಾಸನೆ ಇದೆ ಅನ್ನಿಸಿತು. ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ವಾಪಸು ಕಳಿಸುವುದಿಲ್ಲ, ಕೇಳಬೇಡ. ಮೂರನೆಯದರ ಮೇಲೆ ಗಂಗೆಯೂ ಇಳಿದಿಲ್ಲ, ಯಮುನೆಯೂ ಇಳಿದಿಲ್ಲ. ಅಪ್ಪ ನಲವತ್ತು ವರ್ಷ ಕತ್ತಿ ಮಸೆದು ಬಿದ್ದ ತಗ್ಗು ಅದು. ಇನ್ನು ಐದನೆಯದು ಹಳೆ ಕಟ್ಟೆಯದು, ಅದರ ಮೂಲೆ ಹೇಗೆ ಮುರಿಯಿತು ಅಂತ ತಿಳಿಯಬೇಕಾದರೆ ಕನ್ನಡಿಯ ಮುಂದೆ ನಿಂತು ನಿನ್ನ ಬಲಹುಬ್ಬಿನ ಮೇಲಿನ ಗಾಯ ಮುಟ್ಟಿ ನೋಡಿಕೋ. ಅಂದು ನೀನು ಅತ್ತದ್ದಕ್ಕಿಂತ ಹೆಚ್ಚು ನಾನು ಅತ್ತಿದ್ದೆ.

ಉಳಿದದ್ದು ಎರಡು ಮತ್ತು ನಾಲ್ಕು. ಅವನ್ನು ಕೈಯಿಂದ ಮುಟ್ಟಿದರೇ ಗೊತ್ತಾಗುವುದು. ಕೈ ನನ್ನದು, ಅದು ತಾನ್ಸೇನಿನಲ್ಲಿದೆ. ಕಲ್ಲುಗಳನ್ನು ಬಸ್ಸು ಹತ್ತಿಸಿ ಮರ್ಯಾದೆಯಿಂದ ಕಳಿಸುತ್ತೀಯ. ಅಕ್ಕನನ್ನು ಹಬ್ಬಕ್ಕೆ ಬಾ ಅನ್ನಲು ನಿನ್ನ ಬಾಯಿಗೂ ಸಿಮೆಂಟು ಹಾಕಿಸಿದ್ದೀಯಾ? ಹೆಣ್ಣುಮಕ್ಕಳನ್ನು ತವರಿಗೆ ಕರೆಯದಿದ್ದರೆ ಅದು ಯಾವ ಸೀಮೆಯ ಪಾಹಾಚಹ್ರೆ?

ತತಾ


ಅಸನ್
ಫಾಗುನ ೨೧

ತತಾ,

ಕರೆಯುವುದಿಲ್ಲ ಎಂದು ನಾನು ಎಲ್ಲಿಯೂ ಬರೆದಿಲ್ಲ. ಭಾವನವರು "ಅಂದಿನ ಮಾತು ತಪ್ಪಾಯಿತು" ಎಂದು ಒಂದು ಸಾಲು ಬರೆದುಕೊಟ್ಟರೆ ಎಲ್ಲವೂ ಸರಾಗವಾಗುತ್ತದೆ. ಮಾದರಿಗಾಗಿ ಒಂದು ಒಕ್ಕಣೆ ಲಗತ್ತಿಸಿದೆ. ಸಹಿ ಮಾಡಿದರೆ ಸಾಕು.

ಅಲ್ಲಿಯವರೆಗೆ ನಾನು ಕೈಕಟ್ಟಿ ಕೂತಿಲ್ಲ. ಶನಿವಾರ ಬೆಳಿಗ್ಗೆ ಮಿಂದು, ಎರಡನೆಯ ಮತ್ತು ನಾಲ್ಕನೆಯ ಕಲ್ಲಿನ ಮುಂದೆ ಬೇರೆ ಬೇರೆ ಎಲೆಯಲ್ಲಿ ಮಾಂಸ, ಬೆಳ್ಳುಳ್ಳಿ, ಶುಂಠಿ ಇಟ್ಟೆ. ನಿಜವಾದವನು ಏನಾದರೂ ಸೂಚನೆ ಕೊಡಲಿ ಎಂದು ಬೇಡಿಕೊಂಡು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಎದುರುಮನೆಯ ನಾಯಿ ಎರಡೂ ಎಲೆಗಳನ್ನು ನೆಕ್ಕುತ್ತಿತ್ತು. ಪಕ್ಷಪಾತ ಮಾಡಲಿಲ್ಲ. ಅಷ್ಟಮಾಯಾ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳಂತೆ. ರೋಶನಿ ಹೇಳಿದಳು.

ಇವಳಿಗೇನೋ ಆಗಿದೆ. ಈಚೆಗೆ ನಮ್ಮ ಮನೆಯಲ್ಲಿ ಅನ್ನಕ್ಕೂ ಬೆಳ್ಳುಳ್ಳಿ ವಾಸನೆ. ಕೇಳಿದರೆ, "ನಿಮ್ಮ ಮೂಗಿಗೆ ಸಿಮೆಂಟಿನ ಧೂಳು ಹೋಗಿದೆ" ಎನ್ನುತ್ತಾಳೆ.

ಬಾಜ್ಯಾ ನಿನ್ನೆ ದಾರಿಯಲ್ಲಿ ಸಿಕ್ಕಿ, "ಏನೋ, ದೇವ್ರು ಚೆನ್ನಾಗಿದಾನೇನೋ?" ಎಂದು ಕೂಗಿದರು. ಸುಮ್ಮನೆ ಕೇಳಿದರೋ ಗೊತ್ತಾಗಿಯೇ ಕೇಳಿದರೋ ತಿಳಿಯದು. ನಾನು ಗೋಣು ಹಾಕಿದೆ. ರಾತ್ರಿ ಊಟ ಸೇರಲಿಲ್ಲ.

ನಿನ್ನ ಕೋಣೆಯಲ್ಲಿ ಈಗ ರೋಶನಿ ಓದಿಕೊಳ್ಳುತ್ತಾಳೆ. ಕಿಟಕಿಗೆ ಹೊಸ ಬಣ್ಣ ಹೊಡೆಸಿದೆ. ಚೌಕಟ್ಟಿನ ಮೇಲೆ ನೀನು ಮೊಳೆಯಿಂದ ಕೆತ್ತಿದ್ದ ನವಿಲಿನ ಮೇಲೆ ಮಾತ್ರ ಬಣ್ಣ ಹಾಕಬೇಡ ಎಂದು ಹೇಳಿದ್ದೆ. ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ.

ಪನ್ನಾಕಾಜಿ


ತಾನ್ಸೇನ್
ಚೈತ ೨

ಪನ್ನಾ,

ಒಕ್ಕಣೆ ನೋಡಿ ನಿನ್ನ ಭಾವ, "ಕಡ್ಡಿ ಗೀರಿದ್ದು ನಾನು, ಹತ್ತದೇ ಇದ್ದದ್ದು ಅದು. ತಪ್ಪೊಪ್ಪಿಗೆ ಅದರ ಹತ್ರ ಬರೆಸ್ಕೊಳ್ಳಲಿ" ಅಂದರು. ಅವರ ಸಹಿ ಸಿಗುವುದಿಲ್ಲ. ಬಿಡು.

ನನಗೀಗ ಐವತ್ತೆರಡು. ಹನ್ನೊಂದು ವರ್ಷದಿಂದ ಈ ಹಬ್ಬದ ಹಿಂದಿನ ವಾರ ಮಗ್ಗವನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತು ಬಟ್ಟೆ ನೇಯುತ್ತೇನೆ. ಬೆಳಕು ಚೆನ್ನಾಗಿದೆ ಅಂತ ಮನೆಯವರಿಗೆ ಹೇಳುತ್ತೇನೆ. ಅಲ್ಲಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ, ಅದಕ್ಕೆ. ಅಕ್ಕಪಕ್ಕದ ಹೆಂಗಸರ ತವರಿನವರೆಲ್ಲ ಬಂದು ಇಳಿಯುತ್ತಾರೆ. ನಾನು ಯಾರು ಇಳಿದರು ಅಂತ ನೋಡಿ, ಮತ್ತೆ ಲಾಳಿ ಹಿಡಿಯುತ್ತೇನೆ. ಪ್ರತಿವರ್ಷ ಆ ವಾರ ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿರುತ್ತದೆ.

ಇನ್ನು ಕಲ್ಲಿನ ವಿಚಾರ ಬರೆಯಬೇಡ. ನನಗೆ ಕಲ್ಲು ಬೇಡ ಕಣೋ.

ದಿಲ್‌ಶೋಭಾ


ತಾನ್ಸೇನ್
ಚೈತ ೨೯

ಮುದ್ದಿನ ಅಷ್ಟಮಾಯಾ,

ಊರು ಮುಟ್ಟಿದೆವು. ಈ ಕಾಗದ ನಿನಗೊಬ್ಬಳಿಗೇ. ನೀನು ಅಕ್ಷರ ಕಲಿತಿದ್ದೀಯ ಅಂತ ರೋಶನಿ ಹೇಳಿದ ಮೇಲೆ ಬರೆಯುವ ಧೈರ್ಯ ಬಂತು. ಓದಿ ಒಲೆಗೆ ಹಾಕು.

ನಿನ್ನ ಗಂಡ ಇಲ್ಲಿಗೆ ಬಂದದ್ದು ಹೇಗೆ ಅಂತ ನಿನಗೆ ಹೇಳಿರಲಿಕ್ಕಿಲ್ಲ, ಕೇಳು. ಚೈತ ಹದಿನೈದರ ಮಧ್ಯಾಹ್ನ ಬಸ್ಸಿನಿಂದ ಒಬ್ಬ ಗಂಡಸು ಇಳಿದು, ರಸ್ತೆಬದಿಯಲ್ಲಿ ಕೂತು ವಾಂತಿ ಮಾಡಿದ. ಪಾಪ, ಯಾರ ಮನೆಯ ನೆಂಟನೋ ಅಂದುಕೊಂಡೆ. ಅವನು ಎದ್ದು ಟೋಪಿ ಸರಿಮಾಡಿಕೊಂಡ. ಆ ಟೋಪಿ ಸರಿಮಾಡುವ ರೀತಿ ನಮ್ಮಪ್ಪನದು! ನಾನು ಲಾಳಿ ಎಸೆದು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಬಾಗಿಲಿಗೇ ಬಂ‌ದಿದ್ದ. ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ಅಡಿಕೆಯ ಪೊಟ್ಟಣ. ದಾರಿಯಲ್ಲಿ ಭಾಷಣವನ್ನೂ ಬರೆದುಕೊಂಡು ಬಂದಿದ್ದ ಅನ್ನು, ಜೇಬಿನಿಂದ ಕಾಗದ ತೆಗೆದ. ಬಿಡಿಸಿದ. ಓದಲಿಲ್ಲ.

"ತತಾ, ಬಾ" ಅಂದ. ಅಷ್ಟೇ.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಹೋ ಅಂತ ಅತ್ತುಬಿಟ್ಟೆ. ಅವನೂ ಅತ್ತ. ನಮ್ಮ ಯಜಮಾನರು ಒಳಗಿಂದ ಬಂದು ಇಬ್ಬರನ್ನೂ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ್ದೇನು ಗೊತ್ತಾ? "ಈ ಸಲ ಐಲಾ ಹೆಂಗಿದೆ?"

ಅದರ ಉತ್ತರ ಅವರಿಗೆ ಸಿಕ್ಕಿತು, ನೀನೇ ನೋಡಿದೆಯಲ್ಲ. ಈಗ ಅರ್ಧ ಮೀಸೆಯಲ್ಲಿ ನಮ್ಮ ಟೋಪಿ ಅಂಗಡಿಯಲ್ಲಿ ಕೂತಿದ್ದಾರೆ. ಬಂದ ಗಿರಾಕಿಗಳು ಟೋಪಿ ನೋಡುವುದು ಬಿಟ್ಟು ಮೀಸೆ ನೋಡುತ್ತಾರೆ. ನಾಚಿಕೆಪಡುತ್ತಾರೆ ಅಂದುಕೊಂಡರೆ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತಾರೆ: "ತಟ್ಟೆಗೆ ಬಗ್ಗಿಸ್ದೆ, ಕಡ್ಡಿ ಗೀರ್ದೆ. ಬಿಸಿಲು ಚುರ್ ಅಂತಿತ್ತು, ಏನೂ ಕಾಣ್ಲಿಲ್ಲ. ನೋಡಿ, ಈ ವರ್ಷವೂ ಹತ್ಲಿಲ್ಲ ಅಂತ ಹತ್ರ ಬಗ್ಗಿದೆ ನೋಡಿ... ಅಸನ್‌ನಲ್ಲಿ ನನ್ನ ಮೈದುನನ ಹೆಂಡ್ತಿ ಕಾಸಿದ್ದು! ಅಂಥ ಐಲಾ ಇಡೀ ಪಾಲ್ಪಾದಲ್ಲಿಲ್ಲ!" ಮೀಸೆ ಹೋದದ್ದೇ ಒಂದು ಪದಕ ಬಂದ ಹಾಗಿದೆ. ನಿನ್ನ ಗಂಡ ಬಾವಿಯಿಂದ ನೀರು ಸೇದಿ ಅವರ ಮುಖಕ್ಕೆ ಎರಚಿದ್ದು, ಆಮೇಲೆ ಇಬ್ಬರೂ ತಬ್ಬಿಕೊಂಡು ಕೆಮ್ಮುವಷ್ಟು ನಕ್ಕದ್ದು, ಕಿವುಡ ಬಾಜ್ಯಾ "ಏನಾಯ್ತು? ಏನಾಯ್ತು?" ಅಂತ ಕೂಗಿದ್ದು ನೆನಸಿಕೊಂಡರೆ ಬಸ್ಸಿನಲ್ಲೂ ನನಗೆ ನಗು ತಡೆಯಲಿಲ್ಲ.

ಈಗ ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಹೇಳುತ್ತೇನೆ. ಎಲ್ಲರ ಮುಂದೆ ನಾನು ಕಣ್ಣುಮುಚ್ಚಿ ಎರಡು ಕಲ್ಲುಗಳನ್ನೂ ಸವರಿ, ನಾಲ್ಕನೆಯದನ್ನು ಎತ್ತಿ ಕೊಟ್ಟೆನಲ್ಲ? ನನಗೆ ಯಾವ ಗುರುತೂ ಗೊತ್ತಿರಲಿಲ್ಲ. ಎರಡನೆಯದು ಅಜಿ ಹಿಮ್ಮಡಿ ಉಜ್ಜುತ್ತಿದ್ದ ಕಲ್ಲು ಅಂತ ಮುಟ್ಟಿದ ಕೂಡಲೇ ಗೊತ್ತಾಯಿತು. ನಾಲ್ಕನೆಯದು ಏನೋ, ಎತ್ತಣದೋ, ಅಷ್ಟು ಭಾರದ ಕಲ್ಲನ್ನು ಚಿಕ್ಕವಳಿದ್ದಾಗ ನಾನು ಎಂದೂ ತೊಳೆದವಳಲ್ಲ! ಆದರೆ ಪನ್ನಾ ಅದರ ಮೇಲೇ ಕಣ್ಣು ನೆಟ್ಟು, ಉಗುಳು ನುಂಗುತ್ತ ನಿಂತಿದ್ದ. ಐದು ವರ್ಷದವನಿದ್ದಾಗ ಕೊನೆಯ ತುಂಡು ಬೆಲ್ಲವನ್ನು ಹೀಗೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಅದನ್ನೇ ಕೊಟ್ಟೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಇನ್ನೊಂದಿದೆ. ಸಂವತ್ ೧೯೯೦ರ ಭೂಕಂಪದಲ್ಲಿ ಹಿತ್ತಿಲ ಗೋಡೆ ಗುಂಡಿಯ ಮೇಲೆ ಕುಸಿಯಿತು. ಪನ್ನಾ ಇನ್ನೂ ಹುಟ್ಟಿರಲಿಲ್ಲ, ನನಗೆ ಎಂಟು ವರ್ಷ. ಎರಡು ತಿಂಗಳಿಗೆ ಹಬ್ಬ ಬಂತು. ಅಪ್ಪ ಎರಡು ದಿನ ಅಗೆದರೂ ದೇವರು ಸಿಗಲಿಲ್ಲ. ಮನೆ ಹೋಯಿತು, ದೇವರೂ ನಮ್ಮನ್ನು ಬಿಟ್ಟುಹೋದ ಅಂತ ಅಜಿ ಊಟ ಬಿಟ್ಟಳು. ನನಗೆ ಅಜಿಯನ್ನು ನೋಡಲಾಗಲಿಲ್ಲ. ಕುಸಿದ ಗೋಡೆಯಿಂದ ಒಂದು ಕಲ್ಲು ಆರಿಸಿ, ಬೂದಿ ಮೆತ್ತಿ, ಗುಂಡಿಗೆ ಇಳಿದು "ಸಿಕ್ಕಿದ!" ಅಂತ ಕೂಗಿದೆ. ಅಜಿ ಆ ಕಲ್ಲನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಹೇಗೆ ಬಾಯಿಬಿಡಲಿ? ನೀನು ಇಪ್ಪತ್ತೆರಡು ವರ್ಷ ಅಗೆದು ತೆಗೆದದ್ದು ಆ ಗೋಡೆಕಲ್ಲು. ಈಗ ಅದೂ ಕಳೆದುಹೋಯಿತು, ಅದರ ಜಾಗಕ್ಕೆ ಮತ್ತೊಂದನ್ನು ನಾನೇ ತಂದು ಕೂರಿಸಿದೆ. ಒಂದೇ ಮನೆಗೆ ಎರಡು ಸಲ ಸುಳ್ಳು ದೇವರನ್ನು ಕೊಟ್ಟವಳು ನಾನು. ನನ್ನ ಗತಿಯೇನು ಹೇಳು?

ನಿನ್ನ ತತಾ


ಅಸನ್
೨೦೩೫ ಬೈಶಾಖ ೯

ತತಾ ಅವರಿಗೆ ಅಷ್ಟಮಾಯಾ ಕಾಲುಮುಟ್ಟಿ ಮಾಡುವ ನಮಸ್ಕಾರ.

ಇದು ನಾನು ಹುಟ್ಟಿದಾಗಿನಿಂದ ಬರೆಯುತ್ತಿರುವ ಮೊದಲನೆಯ ಕಾಗದ. ಮೂರು ದಿನ ಹಿಡಿಯಿತು. ನಿಮ್ಮ ಕಾಗದವನ್ನು ಒಲೆಗೆ ಹಾಕಿದೆ. ಇದನ್ನೂ ನೀವು ಹಾಗೇ ಮಾಡಿ.

ನೀವು ಎತ್ತಿಕೊಟ್ಟ ನಾಲ್ಕನೇ ಕಲ್ಲು ನನ್ನ ಐಲಾ ಕಾಸುವ ಒಲೆಯದು. ಮೂರು ಕಲ್ಲಿನಲ್ಲಿ ಒಂದು. ಗಾರೆಯವನು ಹಳೆ ಒಲೆ ಕಿತ್ತಾಗ ಅದನ್ನೂ ತಂದು ಸಾಲಿನಲ್ಲಿಟ್ಟಿದ್ದ. ಒಂದು ಮೈ ಕಪ್ಪಾಗಿದ್ದು ಹೊಗೆಯಿಂದ. ಇವರು ಅದರ ಮುಂದೆ ಕೂತು ನೀಲಕಂಠ, ನೀಲಕಂಠ ಎಂದು ಕೈಮುಗಿಯುವಾಗ ನಗು ತಡೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ಹೇಳಲಾರೆ. ಇಪ್ಪತ್ತೆರಡು ವರ್ಷ ಅದರ ಮೇಲೆ ಬೆಂದದ್ದನ್ನೇ ಕುಡಿದಿದ್ದಾರೆ, ಗುರುತು ಸಿಗಲಿಲ್ಲ.

ದೇವರು ಕಳೆದುಹೋಗಿರಲಿಲ್ಲ, ತತಾ. ಗಾರೆಯವನು ಬರುವ ಹಿಂದಿನ ದಿನ ನಾನೇ ಅವನನ್ನು ತೆಗೆದು, ಹಳೆ ಸೀರೆಯಲ್ಲಿ ಸುತ್ತಿ, ಅಕ್ಕಿಯ ಗುಡಾಣದಲ್ಲಿ ಹೂತಿಟ್ಟೆ. ಕಾಪಾಡಬೇಕು ಎಂದು, ಅಷ್ಟೇ. ಸಂಜೆ ಇವರು ಐದು ಕಲ್ಲುಗಳ ಮುಂದೆ ಕಂಗಾಲಾಗಿ ಕೂತದ್ದು ನೋಡಿ ಹೇಳೋಣ ಎಂದು ಬಾಯಿ ತೆರೆದೆ. ಆಗ ಇವರು, "ಇದು ತತಾಗೆ ಗೊತ್ತಿರುತ್ತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಮ್ಮ ಹೆಸರು ಇವರ ಬಾಯಲ್ಲಿ ಬಂತು. ನಾನು ತೆರೆದ ಬಾಯಿ ಮುಚ್ಚಿದೆ.

ಗುಡಾಣದಲ್ಲಿ ಅವನಿಗೆ ಬೇಜಾರಾಗಬಾರದು ಎಂದು ದಿನಾ ಸ್ವಲ್ಪ ಬೆಳ್ಳುಳ್ಳಿ ಸಿಪ್ಪೆ ಹಾಕುತ್ತಿದ್ದೆ. ಅನ್ನ ವಾಸನೆ ಬಂದದ್ದು ಅದಕ್ಕೆ. ಹಬ್ಬದ ದಿನ ಭಾವನವರ ಮೀಸೆಗೆ ಬೆಂಕಿ ಹತ್ತಿ ಎಲ್ಲರೂ ಆ ಕಡೆ ಓಡಿದರಲ್ಲ, ಆಗ ಅವನನ್ನು ಸೆರಗಿನಲ್ಲಿ ತಂದು, ಸಿಮೆಂಟು ಒಡೆಸಿ ಮಾಡಿದ್ದ ಹೊಸ ಗುಂಡಿಗೆ ಇಳಿಸಿ, ಮೇಲೆ ನನ್ನ ಒಲೆಕಲ್ಲು ಇಟ್ಟೆ. ಹೋಗುವಾಗ ಅವನ ತಲೆಗೂ ಒಂದು ಲೋಟ ಐಲಾ ಹುಯ್ದೆ. ಈಗ ಇಬ್ಬರೂ ಒಂದೇ ಕಡೆ ಇದ್ದಾರೆ.

ನಿಮ್ಮದು ಸುಳ್ಳು ದೇವರು ಎಂದು ಬರೆದಿದ್ದೀರಿ. ನನಗೆ ಅಷ್ಟೆಲ್ಲ ತಿಳಿಯದು. ರೋಶನಿ ಹುಟ್ಟುವಾಗ ಮೂರು ದಿನ ನೋವು ತಿಂದು, ನಾನು ಕೂಗಿ ಕರೆದದ್ದು ಅವನನ್ನೇ. ಬಂದ. ಅವನು ಗೋಡೆಯಿಂದ ಬಂದವನೋ ಕೈಲಾಸದಿಂದ ಬಂದವನೋ ಎಂದು ಆಗ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಒಪ್ಪಿಕೊಳ್ಳಬೇಕಾದ್ದು ನನ್ನ ಕಡೆಯೂ ಒಂದಿದೆ. ಇದನ್ನು ಬರೆಯಲಿಕ್ಕೆಂದೇ ರೋಶನಿಯ ಹತ್ತಿರ ಅಕ್ಷರ ಕಲಿತೆ, ಬೇರೆಯವರ ಕೈಯಲ್ಲಿ ಬರೆಸುವ ಮಾತಲ್ಲ. ಆ ವರ್ಷ ಭಾವನವರು ಕಡ್ಡಿ ಗೀರಿದಾಗ ಹತ್ತಲಿಲ್ಲವಲ್ಲ, ಅವರ ಮಾತು ಸರಿಯಾಗಿತ್ತು. ಇವರು ನನಗೆ ಹೇಳದೆ ಕಚೇರಿಯಿಂದ ಹದಿನಾಲ್ಕು ಮಂದಿಯನ್ನು ಕರೆತಂದಿದ್ದರು. ಐಲಾ ಇದ್ದದ್ದು ಎರಡು ಗಡಿಗೆ, ಕುಡಿಯುವವರು ಇಪ್ಪತ್ತೆಂಟು ಜನ. ಬಾವಿ ಹತ್ತಿರದಲ್ಲೇ ಇತ್ತು. ಮರ್ಯಾದೆ ಉಳಿಸಿಕೊಳ್ಳಲು ನೀರು ಬೆರೆಸಿದೆ. ನನ್ನ ಪರವಾಗಿ ಇವರು ಭಾವನ ಮೇಲೆ ಎಗರಿದಾಗ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ನೀವು ಎಲೆ ಬಿಟ್ಟು ಎದ್ದು ಹೋದಿರಿ. ಆ ಎಲೆಯನ್ನು ಎತ್ತಿದವಳು ನಾನು. ಅಂದಿನಿಂದ ಪ್ರತಿವರ್ಷ ಐಲಾ ಕಾಸಿ, ಒಬ್ಬಳೇ ಕಡ್ಡಿ ಗೀರಿ ನೋಡುತ್ತಿದ್ದೆ. ಪ್ರತಿವರ್ಷ ಹತ್ತುತ್ತಿತ್ತು. ತೋರಿಸುವುದು ಯಾರಿಗೆ? ತಪ್ಪಾಯಿತು ತತಾ. ನನ್ನನ್ನು ಕ್ಷಮಿಸಿ. ಭಾವನವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಮೀಸೆ ಬೆಳೆದ ಮೇಲೆ ಹೇಳಿದರೆ ಒಳ್ಳೆಯದು.

ಇವರು ಈಗ ಬಹಳ ಖುಷಿಯಾಗಿದ್ದಾರೆ. ಗುಂಡಿಯ ನಾಲ್ಕು ಮೂಲೆಗೂ ಅಳತೆ ಹಿಡಿದು, ಇನ್ನು ಎಂದೂ ಕಳೆಯದ ಹಾಗೆ ಅಂಗಳದ ನಕ್ಷೆ ಬರೆದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದರಲ್ಲಿ ಬಾಣದ ಗುರುತು ಹಾಕಿ "ದೇವರು" ಎಂದು ಬರೆದಿದ್ದಾರೆ. ಬರೆದುಕೊಳ್ಳಲಿ. ಆದರೆ ಗಂಡಸರಿಗೆ ಖುಷಿಯಾದರೆ ಮರೆವು ಬೇಗ ಬರುತ್ತದೆ. ಬರುವ ಫಾಗುನ ಮುಗಿದರೂ ಇವರು ನಿಮ್ಮನ್ನು ಕರೆಯಲು ಬಸ್ಸು ಹತ್ತದಿದ್ದರೆ ನನಗೆ ಒಂದು ಸಾಲು ಬರೆದುಹಾಕಿ. ಗುಡಾಣದಲ್ಲಿ ಜಾಗ ಇದ್ದೇ ಇದೆ.

ನಿಮ್ಮ ಮನೆಯ ಹುಡುಗಿ,
ಅಷ್ಟಮಾಯಾ